ಹಳೇ ಎಸ್‌ಯುವಿಯ ಚಾಸಿಗೆ ತುಕ್ಕು ಹಿಡಿದಿದೆಯಾ? ನೋಡುವ, ಸರಿಪಡಿಸುವ, ದೂರು ಕೊಡುವ ಬಗೆ

ಬೆಂಗಳೂರಿನಲ್ಲಿ ಹಳೇ ಸ್ಕಾರ್ಪಿಯೋನೋ ಸಫಾರಿನೋ ನೋಡಲು ಹೋದವರು ಏನು ಮಾಡುತ್ತಾರೆ? ಬಾನೆಟ್ ಎತ್ತಿಸುತ್ತಾರೆ. ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡುತ್ತಾರೆ. ಏಸಿ ಹಾಕಿಸುತ್ತಾರೆ. ಟೈರಿಗೆ ಒಂದು ಒದೆ ಕೊಟ್ಟು ಗಂಭೀರವಾಗಿ ತಲೆ ಆಡಿಸುತ್ತಾರೆ. ಬಗ್ಗಿ ಗಾಡಿಯ ಕೆಳಗೆ ನೋಡುವವರು ಮಾತ್ರ ತೀರಾ ಕಡಿಮೆ. ಇಂಜಿನ್ ಕೈಕೊಟ್ಟರೆ ಗಾಡಿ ರಸ್ತೆ ಬದಿಯಲ್ಲಿ ನಿಂತುಬಿಡುತ್ತದೆ. ಚಾಸಿ ಕೈಕೊಡುವುದು ಗಾಡಿ ಓಡುತ್ತಿರುವಾಗ, ಅದೂ ಹಂಪ್ ಹಾರಿದಾಗಲೋ ಜೋರಾಗಿ ಬ್ರೇಕ್ ಒತ್ತಿದಾಗಲೋ.

ಬೊಲೆರೋ, ಸುಮೋ, ಕ್ವಾಲಿಸ್, ಇನ್ನೋವಾ, ತವೇರಾ, ಹಳೇ ಸಫಾರಿ, ಫಾರ್ಚುನರ್, ಎಂಡೆವರ್. ಇವೆಲ್ಲ ಏಣಿಯಾಕಾರದ ಚಾಸಿ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಉದ್ದಕ್ಕೆ ಎರಡು ದಪ್ಪ ಉಕ್ಕಿನ ತೊಲೆ, ಅವುಗಳ ನಡುವೆ ಅಡ್ಡಪಟ್ಟಿಗಳು. ಡಸ್ಟರ್, ಕ್ರೆಟಾ, ಇಕೋಸ್ಪೋರ್ಟ್, ಎಕ್ಸ್‌ಯುವಿ 500 ಮುಂತಾದವಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮೊದಲ ಜಾತಿಯಲ್ಲಿ ತುಕ್ಕು ಹುಡುಕುವುದು ಸುಲಭ, ಯಾಕೆಂದರೆ ಎಲ್ಲಿ ನೋಡಬೇಕೆಂದು ಗೊತ್ತಿರುತ್ತದೆ. ಎರಡನೆಯದರಲ್ಲಿ ಪ್ಲಾಸ್ಟಿಕ್ ಕವರ್ ಬಿಚ್ಚಿಸಬೇಕಾಗುತ್ತದೆ.

ಇದು ಬರೀ ನಮ್ಮೂರಿನ ಗೋಳಲ್ಲ. ಅಮೆರಿಕದಲ್ಲಿ ಟೊಯೋಟಾದ ಟಕೋಮಾ, ಟಂಡ್ರಾ ಪಿಕಪ್‌ಗಳು ಮತ್ತು ಸಿಕೋಯಾ ಎಸ್‌ಯುವಿಯ ಮಾಲೀಕರು ಚಾಸಿ ತುಕ್ಕಿನ ಬಗ್ಗೆ ವರ್ಷಗಟ್ಟಲೆ ದೂರಿದರು. 2009ರಲ್ಲಿ 2000–2003ರ ಟಂಡ್ರಾಗಳನ್ನು ಸರಿಪಡಿಸಿಕೊಡಲು ಕಂಪನಿ ವಾಪಸ್ ಕರೆಸಿತು, ಅಂದರೆ ರಿಕಾಲ್ ಮಾಡಿತು. ಹಿಂದಿನ ಅಡ್ಡಪಟ್ಟಿ ತುಕ್ಕು ತಿಂದು ಸ್ಟೆಪ್ನಿ ರಸ್ತೆಗೆ ಕಳಚಿ ಬೀಳುವ ಅಪಾಯವಿತ್ತು. ಮಾಲೀಕರ ಮೊಕದ್ದಮೆಯಲ್ಲಿ 2016ರಲ್ಲಿ ಸುಮಾರು 15 ಲಕ್ಷ ಗಾಡಿಗಳಿಗೆ ಸಂಬಂಧಿಸಿ, 340 ಕೋಟಿ ಡಾಲರ್‌ವರೆಗೆ ಆಗಬಹುದಾದ ರಾಜಿ ಆಯಿತು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ. ಆದರೆ ಚಾಸಿಯಲ್ಲಿ ತುಕ್ಕಿನಿಂದ 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ತೂತು ಬಿದ್ದಿದ್ದರೆ ಇಡೀ ಚಾಸಿ ಬದಲಿಸಿಕೊಡಲು ಒಪ್ಪಿತು. ಆ ಅಳತೆ ನೆನಪಿಟ್ಟುಕೊಳ್ಳಿ. ಹತ್ತು ನಂಬರ್ ಸ್ಪ್ಯಾನರ್‌ನ ಬಾಯಿ ಎಷ್ಟು ಅಗಲವೋ ಅಷ್ಟು.

ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಬೆಂಗಳೂರಿನಲ್ಲಿ ಹಿಮವೂ ಇಲ್ಲ, ಉಪ್ಪೂ ಇಲ್ಲ. ಹಾಗಾಗಿ ಹುಟ್ಟಿದಾಗಿನಿಂದ ಬೆಂಗಳೂರಿನಲ್ಲೇ ಇದ್ದ ಗಾಡಿಯ ಚಾಸಿ ತೂತು ಬಿದ್ದಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ನೆರೆಯಲ್ಲಿ ಮುಳುಗಿರಬೇಕು, ಆಕ್ಸಿಡೆಂಟ್ ಆಗಿ ಕೆಟ್ಟ ವೆಲ್ಡಿಂಗ್ ಬಿದ್ದಿರಬೇಕು, ಇಲ್ಲಾ ತಯಾರಿಕೆಯಲ್ಲೇ ಐಬಿರಬೇಕು. ದೂರು ಕೊಡುವ ಮೊದಲು ಇವುಗಳಲ್ಲಿ ಯಾವುದು ಎಂದು ನಿಮಗೇ ಖಾತ್ರಿಯಾಗಬೇಕು. ಇಲ್ಲದಿದ್ದರೆ ‘ಹಳೇ ಗಾಡಿ ಅಲ್ವಾ ಸಾರ್, ಇದೆಲ್ಲಾ ಕಾಮನ್ನು’ ಎಂಬ ಒಂದೇ ಮಾತಿಗೆ ನಿಮ್ಮ ದೂರು ಮುಗಿದುಹೋಗುತ್ತದೆ.

1. ಗಾಡಿ ಯಾವ ಊರಲ್ಲಿ ಬಾಳಿದೆ?

ನಂಬರ್ ಪ್ಲೇಟಿನಿಂದಲೇ ಶುರುಮಾಡಿ. ಕೆಎ-19 ಮಂಗಳೂರು, ಕೆಎ-20 ಉಡುಪಿ, ಕೆಎ-30 ಕಾರವಾರ. ಇವು ಸಮುದ್ರದ ಗಾಳಿ ಕುಡಿದ ಗಾಡಿಗಳು. ಮಲ್ಪೆ ಕಡೆ ಮೀನಿನ ಲಾರಿಗಳಿಂದ ಉಪ್ಪುನೀರು ರಸ್ತೆ ಉದ್ದಕ್ಕೂ ಸೋರುತ್ತದೆ. ಹಿಂದೆ ಬರುವ ಗಾಡಿಗಳ ಅಡಿಗೆ ಅದೇ ಸಿಡಿಯುತ್ತದೆ. ಬೀಚಿನ ಮರಳಿಗೆ ಇಳಿಸಿ ಫೋಟೋ ತೆಗೆಸಿಕೊಂಡ ಫಾರ್ಚುನರ್‌ಗಳ ಕತೆ ಬೇರೆಯೇ. ಉಪ್ಪು ಸೇರಿದ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಅದಕ್ಕೇ ತುಕ್ಕಿನ ರಾಸಾಯನಿಕ ಕ್ರಿಯೆಗೆ ವೇಗ ಬರುತ್ತದೆ.

ಕೆಎ-12 ಮಡಿಕೇರಿ, ಕೆಎ-18 ಚಿಕ್ಕಮಗಳೂರು ಎಂದಿದ್ದರೆ ತೋಟದ ಗಾಡಿ ಇರಬಹುದು. ಅಲ್ಲಿ ಉಪ್ಪಿಲ್ಲ, ಆದರೆ ಕೆಸರು ಚಾಸಿಯ ಒಳಗೆ ಸೇರಿ ಇಡೀ ಮಳೆಗಾಲ ಹಸಿಯಾಗಿಯೇ ಕೂತಿರುತ್ತದೆ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಆ ಕಡೆಯ ಎಸ್‌ಯುವಿಗಳು ಅಗ್ಗಕ್ಕೆ ಇಲ್ಲಿಗೆ ಬಂದವು. ಜನ ಅವನ್ನು ಅನುಮಾನದಿಂದ ನೋಡುತ್ತಾರೆ. ಚಾಸಿ ಮಟ್ಟಿಗೆ ಹೇಳುವುದಾದರೆ ಒಣ ಊರಿನ ಗಾಡಿ ಕರಾವಳಿಯ ಗಾಡಿಗಿಂತ ವಾಸಿ. ಅಲ್ಲಿಂದ ಬಂದದ್ದರಲ್ಲಿ ಜಾಸ್ತಿ ನೋಡಬೇಕಾದದ್ದು ಎನ್‌ಒಸಿ (ಆ ಊರಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ), ತೆರಿಗೆ, ಕಿ.ಮೀ. ತೋರಿಸುವ ಮೀಟರ್.

ನಂಬರ್ ಪ್ಲೇಟ್ ಕೆಎ-03 ಅಥವಾ ಕೆಎ-53 ಎಂದಿದ್ದ ಮಾತ್ರಕ್ಕೆ ನಿರಾಳ ಆಗಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಸುತ್ತ ನೆಲಮಾಳಿಗೆಗಳಲ್ಲಿ ಗಾಡಿಗಳು ಮುಳುಗಿ ನಿಂತಿದ್ದವು. ರಾಜಕಾಲುವೆಯ ನೀರು, ಕೊಳಚೆ ಸಮೇತ. 2015ರ ಚೆನ್ನೈ, 2018ರ ಕೇರಳದ ನೆರೆಗಾಡಿಗಳೂ ಮಾರುಕಟ್ಟೆಯಲ್ಲಿ ಹರಿದಾಡಿದವು. ಮುಳುಗಿದ ಗಾಡಿಯ ಗುರುತು ಹಿಡಿಯಲು ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆಯಿರಿ. ಮೇಲಿನ ಭಾಗ ತೊಳೆದು ಮಡಿ ಮಾಡಿರುತ್ತಾರೆ. ಒಳಗೆ ಸುತ್ತಿಕೊಂಡಿದ್ದ ಕೊನೆಯ ಮೊಳದಲ್ಲಿ ಕೆಸರಿನ ಗೆರೆ ಹಾಗೇ ಇರುತ್ತದೆ. ಸೀಟಿನ ಕೆಳಗಿನ ರೈಲು, ಬೋಲ್ಟು, ಸ್ಟೇರಿಂಗ್ ಕೆಳಗಿನ ಪೆಡಲ್ ಕಂಬಿ ನೋಡಿ. ಅಲ್ಲಿ ಕೆಂಪು ತುಕ್ಕು ಕಂಡರೆ ಮಾಲೀಕರ ಮಾತನ್ನು ಅರ್ಧ ನಂಬಿ.

ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ದಿನಾಂಕ, ಎಷ್ಟನೇ ಮಾಲೀಕ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಎಲ್ಲಿಯವರೆಗೆ ಎಂಬುದು ಸಿಗುತ್ತದೆ. ಅದನ್ನೂ ನೋಡಿಕೊಂಡು ಮುಂದಕ್ಕೆ ಹೋಗಿ.

2. ಕೆಳಗಿಳಿದು ನೋಡುವುದು

ಇದೇ ಇಡೀ ಕೆಲಸದ ಜೀವಾಳ. ಬರೀ ಜ್ಯಾಕ್ ಏರಿಸಿ ಗಾಡಿಯ ಕೆಳಗೆ ಯಾವತ್ತೂ ನುಗ್ಗಬೇಡಿ. ತುಕ್ಕು ಹಿಡಿದ ಚಾಸಿಗೆ ಜ್ಯಾಕ್ ಕೊಟ್ಟರೆ ಅದು ಒಳಕ್ಕೆ ಹೊಕ್ಕು ಗಾಡಿ ಕುಸಿಯಬಹುದು. ಬಡಾವಣೆಗೊಂದರಂತೆ ಇರುವ ವಾಟರ್ ಸರ್ವಿಸ್ ಅಂಗಡಿಯ ರ್‍ಯಾಂಪ್ ಸಾಕು. ಒಂದು ದಿನ ಅಡಿಭಾಗ ಚೆನ್ನಾಗಿ ತೊಳೆಸಿ, ಒಣಗಲು ಬಿಟ್ಟು, ಮರುದಿನ ಹೋಗಿ ನೋಡಿ. ಒದ್ದೆ ಇದ್ದಾಗ ಎಲ್ಲಾ ಒಂದೇ ಕಪ್ಪಾಗಿ ಕಾಣುತ್ತದೆ. ತೊಳೆದ ಮೇಲೆ ‘ಡೀಸೆಲ್ ಸ್ಪ್ರೇ ಹೊಡೀಲಾ?’ ಎಂದು ಕೇಳಿದರೆ ಬೇಡ ಎನ್ನಿ. ಹೊಳಪು ಬರುತ್ತದೆ, ತುಕ್ಕು ಮರೆಯಾಗುತ್ತದೆ, ರಬ್ಬರ್ ಬುಷ್‌ಗಳು ಹಾಳಾಗುತ್ತವೆ.

ಬೇಕಾದದ್ದು ಒಂದು ಟಾರ್ಚ್, ಒಂದು ಚಿಕ್ಕ ಸುತ್ತಿಗೆ, ಹಳೇ ಸ್ಕ್ರೂಡ್ರೈವರ್, ತಂತಿ ಬ್ರಶ್, ಮೊಬೈಲ್. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಮೇಲಿಂದ ಉದುರುವುದೆಲ್ಲ ಕಣ್ಣಿಗೇ ಬರುತ್ತದೆ.

ಮುಂದಿನಿಂದ ಹಿಂದಕ್ಕೆ ಹೋಗಿ. ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂತಿರುವ ಜಾಗ. ಮುಂದಿನ ಸಸ್ಪೆನ್ಷನ್ ಆರ್ಮ್‌ಗಳ ಬ್ರ್ಯಾಕೆಟ್. ಬಾಡಿ ಮೌಂಟ್‌ಗಳು, ಅಂದರೆ ಬಾಡಿ ಮತ್ತು ಚಾಸಿ ನಡುವೆ ರಬ್ಬರ್ ಇಟ್ಟು ಬೋಲ್ಟ್ ಹಾಕಿದ ಜಾಗಗಳು. ನೀರು ನಿಲ್ಲುವುದು ಅಲ್ಲೇ. ಡೀಸೆಲ್ ಟ್ಯಾಂಕ್ ಹಿಡಿದ ಪಟ್ಟಿಗಳು. ಹಿಂದಿನ ಆಕ್ಸಲ್ ಮೇಲೆ ಚಾಸಿ ಮೇಲಕ್ಕೆ ಬಾಗಿ ಇಳಿಯುವ ಭಾಗ. ಬೊಲೆರೋ, ಸುಮೋದಂಥ ಗಾಡಿಯಲ್ಲಿ ಹಿಂದಿನ ಪಟ್ಟಾ, ಅಂದರೆ ಲೀಫ್ ಸ್ಪ್ರಿಂಗ್, ನೇತುಹಾಕಿದ ಹ್ಯಾಂಗರ್ ಮತ್ತು ಶ್ಯಾಕಲ್. ಕೊನೆಗೆ ಸ್ಟೆಪ್ನಿ ನೇತಾಡುವ ಅಡ್ಡಪಟ್ಟಿ. ಸ್ಟೆಪ್ನಿಯನ್ನು ಇಳಿಸಿಯೇ ನೋಡಬೇಕು. ವರ್ಷಗಟ್ಟಲೆ ಇಳಿಸದ ಸ್ಟೆಪ್ನಿಯ ಹಿಂದೆ ಏನಿದೆ ಎಂಬುದು ಮಾಲೀಕರಿಗೂ ಗೊತ್ತಿರುವುದಿಲ್ಲ.

ತುಕ್ಕೆಲ್ಲ ಒಂದೇ ಅಲ್ಲ. ತಂತಿ ಬ್ರಶ್‌ನಲ್ಲಿ ಉಜ್ಜಿದರೆ ಕೆಂಪು ಪುಡಿ ಉದುರಿ ಕೆಳಗೆ ಗಟ್ಟಿ ಉಕ್ಕು ಕಂಡರೆ ಅದು ಮೇಲ್ಮೈ ತುಕ್ಕು. ಹೆದರಬೇಡಿ, ಹಳೇ ಗಾಡಿಗೆ ಅಷ್ಟಿರುತ್ತದೆ. ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು, ಸ್ಕ್ರೂಡ್ರೈವರ್ ತೂರಿಸಿದರೆ ಚಕ್ಕೆ ಕಳಚಿ ಬಂದರೆ ಕೆಲಸ ಕೆಟ್ಟಿದೆ ಎಂದರ್ಥ. ತುಕ್ಕಾದ ಕಬ್ಬಿಣ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಅದಕ್ಕೇ ಚಾಸಿ ನೋಡಲು ದಪ್ಪವಾಗಿ ಕಂಡರೂ ಒಳಗೆ ಉಳಿದಿರುವ ಉಕ್ಕು ತೆಳ್ಳಗಿರುತ್ತದೆ. ಎರಡು ತಗಡು ಸೇರುವ ಕಡೆ ಉಬ್ಬಿದ್ದರಂತೂ ಒಳಗಿನ ತುಕ್ಕು ಅವೆರಡನ್ನೂ ಬೇರೆ ಮಾಡುತ್ತಿದೆ.

ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ. ಜೋರಾಗಿ ಹೊಡೆಯುವುದು ಬೇಡ. ಗಟ್ಟಿ ಜಾಗದಲ್ಲಿ ‘ಠಣ್’ ಎಂದು ಸದ್ದು ಬಂದು ಸುತ್ತಿಗೆ ಪುಟಿಯುತ್ತದೆ. ಕೊಳೆತ ಜಾಗದಲ್ಲಿ ‘ದಪ್’ ಎನ್ನುತ್ತದೆ, ಸುತ್ತಿಗೆ ಪುಟಿಯುವುದಿಲ್ಲ, ಒಳಗೆ ಪುಡಿ ಸುರಿಯುವ ಸದ್ದು ಕೇಳುತ್ತದೆ. ಒಂದೆರಡು ಸಲ ತಟ್ಟಿದರೆ ಕಿವಿಗೆ ವ್ಯತ್ಯಾಸ ತಾನೇ ಹಿಡಿಯುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್ ಊರಿ ನೋಡಿ. ಮಾರುವವರ ಗಾಡಿಯಾದರೆ ಮೊದಲೇ ‘ಅಣ್ಣ, ತಟ್ಟಿ ನೋಡ್ತೀನಿ’ ಎಂದು ಹೇಳಿಯೇ ಶುರುಮಾಡಿ. ಬೇಡ ಎಂದರೆ ಅದೂ ಒಂದು ಉತ್ತರವೇ.

ಚಾಸಿಯ ತೊಲೆಗಳು ಬಹಳ ಗಾಡಿಗಳಲ್ಲಿ ಪೆಟ್ಟಿಗೆ ಆಕಾರದವು, ಒಳಗೆ ಟೊಳ್ಳು. ನೀರು ಇಳಿದುಹೋಗಲಿ ಎಂದು ಕಾರ್ಖಾನೆಯಲ್ಲೇ ತಳದಲ್ಲಿ ತೂತು ಬಿಟ್ಟಿರುತ್ತಾರೆ. ಆ ತೂತುಗಳಿಗೆ ಕೆಸರು ಕಟ್ಟಿಕೊಂಡರೆ ಒಳಗೆ ನೀರು ನಿಂತು ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಹೊರಗೆ ಬಣ್ಣ ಚೆನ್ನಾಗಿದ್ದರೂ ನಂಬುವಂತಿಲ್ಲ. ಮೊಬೈಲಿಗೆ ಸಿಕ್ಕಿಸುವ ವೈರ್ ಕ್ಯಾಮೆರಾ ಈಗ ಅಗ್ಗಕ್ಕೆ ಸಿಗುತ್ತದೆ. ಅದನ್ನು ಆ ತೂತಿನೊಳಗೆ ತೂರಿಸಿ ನೋಡಿ. ಅಂದಹಾಗೆ, ಈ ಕಾರ್ಖಾನೆ ತೂತನ್ನೇ ತುಕ್ಕಿನ ತೂತು ಎಂದು ಫೋಟೋ ತೆಗೆದು ಕಂಪನಿಗೆ ಕಳಿಸುವವರೂ ಇದ್ದಾರೆ. ಅಂಚು ನಯವಾಗಿ, ಆಕಾರ ಅಚ್ಚುಕಟ್ಟಾಗಿ, ಎಡಬಲ ಎರಡೂ ಕಡೆ ಒಂದೇ ಜಾಗದಲ್ಲಿದ್ದರೆ ಅದು ಹುಟ್ಟಿನಿಂದ ಬಂದ ತೂತು.

ಇನ್ನೊಂದು ಮೋಸ ಇದೆ. ಅಡಿಭಾಗ ಪೂರ್ತಿ ಹೊಸ ಕಪ್ಪು ಕೋಟಿಂಗ್, ದಪ್ಪಗೆ ರಬ್ಬರಿನಂತೆ ಬಳಿದಿರುತ್ತದೆ. ‘ಆಂಟಿ ರಸ್ಟ್ ಮಾಡ್ಸಿದೀವಿ ಸಾರ್’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಗಾಡಿ ಹೊಸತಿದ್ದಾಗ ಮಾಡಿಸಿದ್ದರೆ ಒಳ್ಳೆಯದೇ. ಮಾರುವ ಹಿಂದಿನ ವಾರ ಮಾಡಿಸಿದ್ದರೆ ಏನನ್ನೋ ಮುಚ್ಚಿದ್ದಾರೆ. ಕೋಟಿಂಗ್ ಬೋಲ್ಟುಗಳ ಮೇಲೆ, ಸೈಲೆನ್ಸರ್ ಮೇಲೆ, ವೈರ್‌ಗಳ ಮೇಲೆಲ್ಲ ಸಿಡಿದಿದ್ದರೆ ಅದು ಅವಸರದ ಕೆಲಸ. ಅದರ ಕೆಳಗೆ ಎಂ-ಸೀಲ್ ಅಥವಾ ಪುಟ್ಟಿ ಮೆತ್ತಿರಬಹುದು. ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡಿದ್ದರೆ ಕಂಡುಹಿಡಿಯುವುದು ಸುಲಭ. ಪುಟ್ಟಿ ಇದ್ದ ಕಡೆ ಅದು ಅಂಟುವುದಿಲ್ಲ.

ಬಾಡಿಯೇ ಚಾಸಿಯಾದ ಗಾಡಿಗಳಲ್ಲಿ ಬಾಗಿಲ ಕೆಳಗಿನ ಉದ್ದಪಟ್ಟಿ, ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರುವ ಜಾಗ, ಹಿಂದಿನ ಸ್ಟೆಪ್ನಿ ಗುಂಡಿ, ಕಾರ್ಪೆಟ್ ಕೆಳಗಿನ ತಗಡು ನೋಡಿ. ಹೊಂಗೆ ಮರದ ಕೆಳಗೆ ನಿಲ್ಲಿಸುವ ಗಾಡಿಯಾದರೆ ಮುಂದಿನ ಗಾಜಿನ ಬುಡದಲ್ಲಿ ಎಲೆ ತುಂಬಿ ನೀರು ಹೋಗುವ ದಾರಿ ಕಟ್ಟಿಕೊಂಡಿರುತ್ತದೆ. ಆ ನೀರು ಒಳಗೆ ಕಾಲಿಡುವ ಜಾಗಕ್ಕೇ ಇಳಿಯುತ್ತದೆ.

3. ತುಕ್ಕಿನ ಜೊತೆಗೆ ಬರುವ ಮಿಕ್ಕ ಅಪಾಯಗಳು

ಚಾಸಿಗಿಂತ ಮೊದಲು ಪ್ರಾಣಕ್ಕೆ ಕುತ್ತು ತರುವುದು ಬ್ರೇಕ್ ಪೈಪ್. ಚಾಸಿ ಉದ್ದಕ್ಕೂ ಹೋಗುವ ಸಣ್ಣ ಉಕ್ಕಿನ ಪೈಪುಗಳನ್ನು ಕ್ಲಿಪ್ ಹಾಕಿ ಹಿಡಿಸಿರುತ್ತಾರೆ. ಕ್ಲಿಪ್ ಕೆಳಗೆ ಕೆಸರು ಸೇರಿ ಪೈಪು ಅಲ್ಲೇ ತುಕ್ಕು ಹಿಡಿಯುತ್ತದೆ. ಇಂಜಿನ್ ಓಡುತ್ತಿರುವಾಗ ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿದುಕೊಳ್ಳಿ. ಪೆಡಲ್ ನಿಧಾನಕ್ಕೆ ಕೆಳಗಿಳಿಯುತ್ತಾ ಹೋದರೆ ಗಾಡಿಯನ್ನು ಓಡಿಸಬೇಡಿ, ಟೋ ಮಾಡಿಸಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಪೈಪಿನ ಒಳಗಿನಿಂದಲೂ ತುಕ್ಕು ಹಿಡಿಯುವುದು ಹಾಗೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ನಮ್ಮಲ್ಲಿ ಬಹಳ ಜನ ಬರೀ ಟಾಪ್ ಅಪ್ ಮಾಡಿ ಹತ್ತು ವರ್ಷ ತಳ್ಳುತ್ತಾರೆ.

ಏರ್‌ಬ್ಯಾಗ್ ದೀಪ ನೋಡಿ. ಕೀ ಆನ್ ಮಾಡಿದಾಗ ದೀಪ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ ಇದೆ. ಹೊತ್ತಲೇ ಇಲ್ಲವೆಂದರೆ ಯಾರೋ ಬಲ್ಬ್ ಕಿತ್ತಿದ್ದಾರೆ ಎಂದು ಅನುಮಾನಿಸಿ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳ ಕತೆ ಗೊತ್ತಿರಬೇಕು. ಒಳಗಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಕೆಟ್ಟು, ಬ್ಯಾಗ್ ಬಿಚ್ಚುವಾಗ ಲೋಹದ ಚೂರುಗಳು ಸಿಡಿದವು. ಭಾರತದಲ್ಲೂ ಹೋಂಡಾ, ಟೊಯೋಟಾ ಕಂಪನಿಗಳು ಹಳೇ ಗಾಡಿಗಳನ್ನು ಕರೆಸಿ ಪುಕ್ಕಟೆಯಾಗಿ ಬದಲಿಸಿಕೊಟ್ಟವು. ಎರಡನೇ, ಮೂರನೇ ಮಾಲೀಕರಿಗೆ ಇಂಥ ಪತ್ರ ಬರುವುದೇ ಇಲ್ಲ, ಯಾಕೆಂದರೆ ಕಂಪನಿಯ ಹತ್ತಿರ ಮೊದಲ ಮಾಲೀಕರ ವಿಳಾಸ ಮಾತ್ರ ಇರುತ್ತದೆ. ಆದ್ದರಿಂದ ನೀವೇ ಹೋಗಿ ಹುಡುಕಬೇಕು. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಹಿಡಿದು ಕಂಪನಿಯ ವೆಬ್‌ಸೈಟಿನ ರಿಕಾಲ್ ಪುಟದಲ್ಲಿ ನೋಡಿ, ಇಲ್ಲವೇ ಸರ್ವಿಸ್ ಸೆಂಟರಿನಲ್ಲಿ ಕೇಳಿ. ರಿಕಾಲ್ ಕೆಲಸಕ್ಕೆ ದುಡ್ಡಿಲ್ಲ, ಮಾಲೀಕ ಎಷ್ಟನೆಯವನಾದರೂ ಸರಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2317 ಎಂದರೆ 2017ರ 23ನೇ ವಾರ ತಯಾರಾದದ್ದು. ಹಳ್ಳಿ ಮನೆಗೆ ಹೋಗಲು ಮಾತ್ರ ತೆಗೆಯುವ ಗಾಡಿಯಲ್ಲಿ ಟೈರಿನ ಗೆರೆ ಹೊಸತರಂತೆ ಇದ್ದರೂ ರಬ್ಬರ್ ಬಿರುಕು ಬಿಟ್ಟಿರುತ್ತದೆ.

4. ರಿಪೇರಿನಾ, ಬಿಡೋದಾ?

ಮೇಲ್ಮೈ ತುಕ್ಕಾದರೆ ಸಂತೋಷ. ತಂತಿ ಬ್ರಶ್‌ನಲ್ಲೋ ಸ್ಯಾಂಡ್ ಬ್ಲಾಸ್ಟಿಂಗ್‌ನಲ್ಲೋ ಪೂರ್ತಿ ಕೆರೆಸಿ, ತುಕ್ಕು ತಡೆಯುವ ರಸ್ಟ್ ಕನ್ವರ್ಟರ್ ಹಚ್ಚಿಸಿ, ಎಪಾಕ್ಸಿ ಪ್ರೈಮರ್, ಅದರ ಮೇಲೆ ಚಾಸಿ ಬ್ಲ್ಯಾಕ್ ಬಣ್ಣ ಹೊಡೆಸಿ. ಟೊಳ್ಳಿನ ಒಳಗೆ ವ್ಯಾಕ್ಸ್ ಸ್ಪ್ರೇ ಹೊಡೆಸಿ. ಪೀಣ್ಯದ ಕಡೆ ಬ್ಲಾಸ್ಟಿಂಗ್ ಮಾಡುವ ಶೆಡ್ಡುಗಳಿವೆ, ಬಣ್ಣ-ಪಾರ್ಟ್‌ಗೆ ಜೆ.ಸಿ. ರಸ್ತೆ ಇದ್ದೇ ಇದೆ. ತುಕ್ಕಿನ ಮೇಲೇ ರಬ್ಬರ್ ಕೋಟಿಂಗ್ ಬಳಿಸಿದರೆ ತೇವ ಒಳಗೇ ಸಿಕ್ಕಿಕೊಂಡು ಇನ್ನೂ ಬೇಗ ತಿನ್ನುತ್ತದೆ. ಈ ಕೆಲಸ ಜನವರಿ-ಫೆಬ್ರವರಿಯಲ್ಲಿ ಮಾಡಿಸಿ. ಮುಂಗಾರಿನಲ್ಲಿ ಮಾಡಿಸುವುದು ಸುಮ್ನೆ ದುಡ್ಡು ದಂಡ.

ತೂತು ಬಿದ್ದಿದ್ದರೆ ಪ್ರಶ್ನೆ ಎಲ್ಲಿ ಬಿದ್ದಿದೆ ಎಂಬುದು. ಸ್ಟೆಪ್ನಿ ಹಿಡಿಯುವ ಅಡ್ಡಪಟ್ಟಿಯಾದರೆ ಅದನ್ನೇ ಬದಲಿಸಬಹುದು. ಸ್ಟೇರಿಂಗ್ ಬಾಕ್ಸ್, ಸಸ್ಪೆನ್ಷನ್ ಬ್ರ್ಯಾಕೆಟ್, ಪಟ್ಟಾ ಹ್ಯಾಂಗರ್ ಹತ್ತಿರ ಆದರೆ ತಗಡಿನ ತೇಪೆ ಹಾಕಿ ತಳ್ಳಬೇಡಿ. ಎರಡೂ ಕಡೆಯ ತೊಲೆಗಳಲ್ಲಿ ಹಲವು ತೂತು ಬಿದ್ದಿದ್ದರೆ ಆ ಗಾಡಿಗೆ ಇನ್ನು ದುಡ್ಡು ಹಾಕುವುದು ಬೇಡ ಎಂಬುದೇ ನನ್ನ ಅಭಿಪ್ರಾಯ. ಇಂಜಿನ್ ಎಷ್ಟೇ ಚೆನ್ನಾಗಿರಲಿ.

ವೆಲ್ಡಿಂಗ್ ಮಾಡಿಸಲೇಬೇಕಾದರೆ ಬಾಡಿ ಟಿಂಕರಿಂಗ್ ಮಾಡುವವರ ಹತ್ತಿರ ಹೋಗಬೇಡಿ. ಲಾರಿ ಚಾಸಿ ಕೆಲಸ ಮಾಡಿ ಪಳಗಿದವರನ್ನು ಹುಡುಕಿ. ಕೊಳೆತದ್ದನ್ನು ಕತ್ತರಿಸಿ ತೆಗೆದು ಗಟ್ಟಿ ಉಕ್ಕಿಗೇ ಬೆಸೆಯಬೇಕು. ತೊಲೆಗೆ ಅಡ್ಡಲಾಗಿ ನೇರ ಗೆರೆಯಲ್ಲಿ ಬೆಸೆದರೆ ಅದೇ ಗೆರೆಯಲ್ಲಿ ಬಿರುಕು ಬಿಡಬಹುದು. ಅದಕ್ಕೇ ತಿಳಿದವರು ಪಟ್ಟಿಯ ತುದಿಗಳನ್ನು ಓರೆಯಾಗಿ ಕತ್ತರಿಸುತ್ತಾರೆ. ಕೆಲಸಕ್ಕೆ ಮುಂಚೆ ಬ್ಯಾಟರಿ ಬಿಚ್ಚಿಸಿ, ಹತ್ತಿರವಿದ್ದರೆ ಟ್ಯಾಂಕ್ ಇಳಿಸಿಸಿ. ಚಾಸಿ ನಂಬರ್ ಕೊರೆದಿರುವ ಜಾಗಕ್ಕೆ ಗ್ರೈಂಡರ್ ಮುಟ್ಟಿಸಲು ಬಿಡಬೇಡಿ. ನಂಬರ್ ಅಳಿಸಿದರೆ ಮುಂದೆ ಆರ್‌ಟಿಒದಲ್ಲಿ ನೀವು ಕಳ್ಳಗಾಡಿಯ ಮಾಲೀಕರಂತೆ ನಿಲ್ಲಬೇಕಾಗುತ್ತದೆ. ಇಡೀ ಚಾಸಿ ಬದಲಿಸುವುದಾದರೆ ಆರ್‌ಟಿಒ ಅನುಮತಿ ಮೊದಲು, ಕೆಲಸ ಆಮೇಲೆ.

ಇನ್ಶೂರೆನ್ಸ್‌ನಿಂದ ದುಡ್ಡು ಬರುತ್ತದೆ ಎಂಬ ಆಸೆ ಬೇಡ. ಸವಕಳಿ, ತೇಯ್ಮಾನಗಳು ಪಾಲಿಸಿಯಿಂದ ಹೊರಗೆ, ತುಕ್ಕನ್ನೂ ಅದರಲ್ಲೇ ಸೇರಿಸುತ್ತಾರೆ.

5. ದೂರಿಗೆ ಕಾಗದ ಕೂಡಿಸುವುದು

ಫೋಟೋ ತೆಗೆಯುವಾಗ ಮೊದಲು ನಂಬರ್ ಪ್ಲೇಟ್, ಆಮೇಲೆ ಚಾಸಿ ನಂಬರ್, ಮೀಟರ್, ಆಮೇಲೆ ತುಕ್ಕಿನ ಜಾಗ. ಹತ್ತಿರದಿಂದ ಒಂದು, ಎರಡಡಿ ದೂರದಿಂದ ಒಂದು. ಬರೀ ಹತ್ತಿರದ ಫೋಟೋ ಕಳಿಸಿದರೆ ಅದು ಯಾವ ಗಾಡಿಯ ಯಾವ ಭಾಗ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಸ್ಕೇಲ್ ಇಡಿ. ಪೂರ್ತಿ ಒಂದು ವಿಡಿಯೋ, ನಡುವೆ ನಿಲ್ಲಿಸದೆ, ಮುಂದಿನ ನಂಬರ್ ಪ್ಲೇಟಿನಿಂದ ಶುರುವಾಗಿ ಕೆಳಗಿನ ತೂತಿನವರೆಗೆ. ಇದರಷ್ಟು ಗಟ್ಟಿ ಸಾಕ್ಷಿ ಇನ್ನೊಂದಿಲ್ಲ.

ಅಧಿಕೃತ ಸರ್ವಿಸ್ ಸೆಂಟರಿಗೆ ಒಮ್ಮೆ ಗಾಡಿ ಬಿಡಿ. ಅಲ್ಲಿ ಜಾಬ್ ಕಾರ್ಡ್ ಮೇಲೆ ‘ಜನರಲ್ ಚೆಕಪ್’ ಎಂದು ಬರೆದು ಸಹಿಗೆ ಕೊಡುತ್ತಾರೆ. ಸಹಿ ಹಾಕಬೇಡಿ. ‘ಸಾರ್, ಹಿಂದಿನ ಎಡಗಡೆ ಚಾಸಿಯಲ್ಲಿ ತುಕ್ಕಿನಿಂದ ತೂತಾಗಿದೆ, ಮಾಲೀಕರ ದೂರು, ಪರೀಕ್ಷಿಸಬೇಕು ಅಂತ ಬರೀರಿ’ ಎಂದು ಮೃದುವಾಗಿ, ಆದರೆ ಬಿಡದೆ ಕೇಳಿ. ‘ಅದಕ್ಕೆ ಸಿಸ್ಟಮ್‌ನಲ್ಲಿ ಆಪ್ಷನ್ ಇಲ್ಲ’ ಎನ್ನುತ್ತಾರೆ. ಹಾಗಾದರೆ ಪೆನ್ನಿನಲ್ಲಿ ಬರೆದುಕೊಡಿ ಎನ್ನಿ. ಗಾಡಿ ವಾಪಸ್ ತರುವಾಗ ಅವರು ಕಂಡದ್ದೇನು ಎಂಬುದೂ ಕಾಗದದಲ್ಲಿ ಇರಬೇಕು. ಕಂಪನಿಯದೇ ಮುದ್ರೆ ಬಿದ್ದ ಆ ಒಂದು ಸಾಲು ನಿಮ್ಮ ಐವತ್ತು ಫೋಟೋಗಿಂತ ಹೆಚ್ಚು ತೂಕದ್ದು.

ಇದರ ಜೊತೆಗೆ ನಿಮಗೆ ಸಂಬಂಧವಿಲ್ಲದ ಒಬ್ಬ ಆಟೋಮೊಬೈಲ್ ಎಂಜಿನಿಯರ್ ಅಥವಾ ಸರ್ವೇಯರ್‌ರಿಂದ ಬರಹದ ವರದಿ ಪಡೆಯಿರಿ. ತಯಾರಿಕೆಯ ದೋಷ ಎಂದು ಸಾಬೀತು ಮಾಡುವ ಹೊಣೆ ದೂರು ಕೊಟ್ಟವರ ಮೇಲೆ ಬೀಳುತ್ತದೆ. ಗ್ಯಾರೇಜಿನ ಅಣ್ಣನ ಬಾಯಿಮಾತು ಗ್ರಾಹಕ ಆಯೋಗದಲ್ಲಿ ನಿಲ್ಲುವುದಿಲ್ಲ. ಅದೇ ಮಾಡೆಲ್, ಅದೇ ವರ್ಷದ, ಒಣ ಊರಿನಲ್ಲೇ ಓಡಿದ ಬೇರೆ ಗಾಡಿಗಳಲ್ಲೂ ಅದೇ ಜಾಗದಲ್ಲಿ ತುಕ್ಕು ಕಂಡಿದ್ದರೆ ಆ ಮಾಲೀಕರ ಜೊತೆ ಮಾತಾಡಿ. ಒಂದೇ ಜಾಗ ಮತ್ತೆ ಮತ್ತೆ ಕೆಡುತ್ತಿದ್ದರೆ ಬೆರಳು ತಯಾರಕರ ಕಡೆ ತಿರುಗುತ್ತದೆ. ನಿಮ್ಮದೊಂದೇ ಆದರೆ ಮೊದಲು ಹಿಂದಿನ ಮಾಲೀಕರ ಇತಿಹಾಸ ಕೆದಕಿ.

6. ಯಾರಿಗೆ, ಯಾವ ಕ್ರಮದಲ್ಲಿ

ಡೀಲರ್ ಮತ್ತು ತಯಾರಕರ ಗ್ರಾಹಕ ವಿಭಾಗ, ಇಬ್ಬರಿಗೂ ಒಂದೇ ಇಮೇಲ್. ಕೋಪ, ಶಾಪ ಏನೂ ಬೇಡ. ಇಷ್ಟು ಸಾಕು:

‘ನನ್ನ ಗಾಡಿಯ ಮಾಡೆಲ್ ಇದು, ನೋಂದಣಿ ದಿನಾಂಕ ಇದು, ಚಾಸಿ ನಂಬರ್ ಇದು, ಓಡಿರುವುದು ಇಷ್ಟು ಕಿ.ಮೀ. ಈ ದಿನಾಂಕದಂದು ಹಿಂದಿನ ಎಡ ತೊಲೆಯಲ್ಲಿ ತುಕ್ಕಿನಿಂದ ಇಷ್ಟು ಮಿ.ಮೀ. ತೂತು ಕಂಡಿದೆ. ಜಾಬ್ ಕಾರ್ಡ್, ಫೋಟೋ, ಎಂಜಿನಿಯರ್ ವರದಿ ಲಗತ್ತಿಸಿದ್ದೇನೆ. ಗಾಡಿ ನೆರೆಯಲ್ಲಿ ಮುಳುಗಿಲ್ಲ, ಅಪಘಾತವಾಗಿಲ್ಲ. ಇದು ಪ್ರಯಾಣಿಕರ ಸುರಕ್ಷತೆಯ ವಿಷಯವಾದ್ದರಿಂದ ಪರೀಕ್ಷಿಸಿ, ನಿಮ್ಮ ಖರ್ಚಿನಲ್ಲಿ ಸರಿಪಡಿಸಿಕೊಡಿ. 15 ದಿನದಲ್ಲಿ ಬರಹದಲ್ಲಿ ಉತ್ತರಿಸಿ.’

ಗೊತ್ತಿಲ್ಲದ್ದನ್ನು ಬರೆಯಬೇಡಿ. ನೀವು ಎರಡನೇ ಮಾಲೀಕರಾದರೆ ‘ನನ್ನ ಬಳಿ ಇರುವ ಅವಧಿಯಲ್ಲಿ’ ಎಂದು ಸೇರಿಸಿ.

ಗಾಡಿ ಏಳು ವರ್ಷಕ್ಕಿಂತ ಕಡಿಮೆಯದಾದರೆ ಇನ್ನೊಂದು ಬಾಗಿಲಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಿಂದ ದೋಷವಿರುವ ವಾಹನಗಳನ್ನು ವಾಪಸ್ ಕರೆಸಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ಬಂತು. ಅದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಾಹನ ನೋಂದಣಿಯ ಸರ್ಕಾರಿ ವೆಬ್‌ಸೈಟಾದ ವಾಹನ್ ಪೋರ್ಟಲ್‌ನಲ್ಲಿ ಮಾಲೀಕರು ದೂರು ದಾಖಲಿಸಬಹುದು. ಒಂದೇ ದೋಷದ ಬಗ್ಗೆ ನಿಗದಿತ ಸಂಖ್ಯೆಯಷ್ಟು ದೂರು ಸೇರಿದರೆ ತನಿಖೆ, ಅಗತ್ಯವಾದರೆ ಕಡ್ಡಾಯ ರಿಕಾಲ್, ತಯಾರಕರಿಗೆ 1 ಕೋಟಿ ರೂಪಾಯಿವರೆಗೆ ದಂಡ. ಹಾಗಾಗಿ ಅದೇ ತೊಂದರೆ ಇರುವ ಉಳಿದವರನ್ನೂ ಅಲ್ಲಿ ದೂರು ಕೊಡಲು ಹೇಳಿ. ವಾಟ್ಸಾಪ್ ಗುಂಪಿನಲ್ಲಿ ಬೈದುಕೊಂಡದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಉತ್ತರ ಬರದಿದ್ದರೆ 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ಕಂಪನಿಗೆ ದೂರು ಮುಟ್ಟಿಸಿ ಉತ್ತರ ತರಿಸುತ್ತಾರೆ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ.

ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಇಲ್ಲೇ, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಕಂಪನಿಯ ಕಚೇರಿ ಪುಣೆಯಲ್ಲಿರಲಿ, ಚೆನ್ನೈಯಲ್ಲಿರಲಿ, ನೀವು ವಾಸವಿರುವ ಬೆಂಗಳೂರಿನಲ್ಲೇ ದೂರು ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುತ್ತದೆ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗೆ ಹಾಕಬೇಕು. ತೂತು ಕಂಡ ದಿನದ ಜಾಬ್ ಕಾರ್ಡ್ ಇಲ್ಲೂ ಕೆಲಸಕ್ಕೆ ಬರುತ್ತದೆ. ಹಳದಿ ಬೋರ್ಡ್ ಇನ್ನೋವಾ ಓಡಿಸುವವರೇ, ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಒಂದು ಗಾಡಿ ಇಟ್ಟುಕೊಂಡವರು ಗ್ರಾಹಕರೇ ಆಗುತ್ತಾರೆ ಎಂದು ಕಾಯ್ದೆಯ ವಿವರಣೆಯಲ್ಲಿದೆ. ‘ವಾಣಿಜ್ಯ ಬಳಕೆ, ನಿಮಗೆ ಹಕ್ಕಿಲ್ಲ’ ಎಂದರೆ ಅದನ್ನು ತೋರಿಸಿ.

ಹತ್ತು-ಹನ್ನೆರಡು ವರ್ಷದ ಗಾಡಿಯಲ್ಲಿ ತಯಾರಕರಿಂದ ದುಡ್ಡು ಹೊರಡಿಸುವುದು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇತ್ತೀಚೆಗೆ ಹಳೇ ಗಾಡಿ ವ್ಯಾಪಾರಿಯಿಂದ ಕೊಂಡಿದ್ದು, ಅವರು ಪುಟ್ಟಿ ಮೆತ್ತಿ ತೂತು ಮುಚ್ಚಿ ಮಾರಿದ್ದರೆ ದೂರು ಅವರ ಮೇಲೆ ಹಾಕಿ. ಅದು ಗಟ್ಟಿಯಾಗಿ ನಿಲ್ಲುವ ಸಾಧ್ಯತೆ ಹೆಚ್ಚು. 2023ರ ಏಪ್ರಿಲ್‌ನಿಂದ ಇಂಥ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆದಿರಬೇಕು. ಕೊಳ್ಳುವ ಮುಂಚೆಯೇ ಅದನ್ನು ಕೇಳಿ ನೋಡಿ. ‘ಚಾಸಿಯಲ್ಲಿ ತುಕ್ಕಿನ ತೂತು, ವೆಲ್ಡಿಂಗ್ ಇಲ್ಲ’ ಎಂದು ರಸೀದಿ ಮೇಲೆ ಬರೆಸಿಕೊಳ್ಳಿ. ಪರಿಚಯದವರಿಂದ ನೇರವಾಗಿ ಕೊಂಡ ಗಾಡಿಗೆ ಗ್ರಾಹಕ ಆಯೋಗದ ದಾರಿ ಅಷ್ಟು ಸಲೀಸಲ್ಲ. ಅಲ್ಲಿ ಕೊಳ್ಳುವ ಮುನ್ನ ತಟ್ಟಿ ನೋಡಿದ್ದೇ ಉಳಿತಾಯ.

7. ಹದಿನೈದು ವರ್ಷ ದಾಟಿದ ಮೇಲೆ

ಖಾಸಗಿ ಗಾಡಿಯ ನೋಂದಣಿ 15 ವರ್ಷ. ಆಮೇಲೆ ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಎಫ್‌ಸಿ ಆಯಿತು ಎಂದರೆ ಚಾಸಿ ಗಟ್ಟಿ ಇದೆ ಎಂದು ತಿಳಿಯಬೇಡಿ. ಯಾರೂ ಅಲ್ಲಿ ನಿಮ್ಮ ಸ್ಟೆಪ್ನಿ ಇಳಿಸಿ ನೋಡುತ್ತಾ ಕೂರುವುದಿಲ್ಲ. ನವೀಕರಣಕ್ಕೆ ದುಡ್ಡು ಕಟ್ಟುವ ಮೊದಲು ಎರಡನೇ ಹೆಜ್ಜೆಯ ತಪಾಸಣೆ ಮತ್ತೊಮ್ಮೆ ಮಾಡಿ.

ಬಿಡುವುದೇ ಎಂದು ತೀರ್ಮಾನಿಸಿದರೆ ಗುಜರಿಯವರಿಗೆ ಹಾಗೇ ಕೊಟ್ಟು ನೋಟು ಎಣಿಸಿಕೊಂಡು ಬರಬೇಡಿ. ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದರೆ ಆ ಗಾಡಿ ನಾಳೆ ಎಲ್ಲಿ ಯಾವ ಕೇಸಿನಲ್ಲಿ ಸಿಕ್ಕಿದರೂ ಪೊಲೀಸರು ಬರುವುದು ನಿಮ್ಮ ಮನೆಗೆ. ಸರ್ಕಾರದಲ್ಲಿ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಟ್ಟು, ಗಾಡಿ ಒಪ್ಪಿಸಿದ್ದಕ್ಕೆ ಕೊಡುವ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ಪಡೆಯಿರಿ. ಹೊಸ ಗಾಡಿ ಕೊಳ್ಳುವಾಗ ಅದನ್ನು ತೋರಿಸಿ ರಿಯಾಯಿತಿ ಕೇಳಬಹುದು. ಆರ್‌ಸಿ ರದ್ದಾಗಿದೆಯೇ ಎಂದು ವಾಹನ್‌ನಲ್ಲಿ ನೋಡಿ. ಫಾಸ್ಟ್ಯಾಗ್ ಮುಚ್ಚಿಸಿ, ಉಳಿದ ಅವಧಿಯ ಇನ್ಶೂರೆನ್ಸ್ ರದ್ದು ಮಾಡಲು ಅರ್ಜಿ ಹಾಕಿ, ನೋ ಕ್ಲೈಮ್ ಬೋನಸ್ ಪತ್ರವನ್ನು ಕೇಳಿ ತೆಗೆದುಕೊಳ್ಳಿ.